ನಾಲ್ಕು ಬೆರಳಿನ ಸಂದು

ನನ್ನ ಗಾಡಿಯನ್ನು ನಾನು ಖಾಲಿ ಓಡಿಸುವುದಿಲ್ಲ. ಹೋಗುವಾಗ ಹೊಸ ಮಾಲು, ಬರುವಾಗ ಹಳೆಯ ಮಾಲು. ಸಿಮೆಂಟು ಇಳಿಸಿದ ಮನೆಯಿಂದ ಒಡೆದ ಗೋಡೆಯನ್ನು ಎತ್ತಿಕೊಂಡು ಬರುತ್ತೇನೆ, ಹೊಸ ಕಿಟಕಿ ಕೊಟ್ಟ ಮನೆಯಿಂದ ಗೆದ್ದಲು ತಿಂದ ಕಿಟಕಿಯನ್ನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅಷ್ಟು ವರ್ಷದಲ್ಲಿ ನನ್ನ ಗಾಡಿಯಿಂದ ಒಂದು ಹಲಗೆ ರಸ್ತೆಗೆ ಬಿದ್ದಿಲ್ಲ, ಕಸದ ಯಾರ್ಡಿನ ಗೇಟಿನಿಂದ ಒಂದು ಲೋಡು ವಾಪಸು ಬಂದಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ. ಇದ್ದದ್ದನ್ನು ಹೇಳಿಕೊಳ್ಳಲು ನಾಚಿಕೆಯೇಕೆ?

ಯಾರ್ಡಿನಲ್ಲಿ ನನ್ನನ್ನು ಹಗ್ಗದಕ್ಕ ಎನ್ನುತ್ತಾರೆ. ಬೇರೆಯವರು ಹಾಕಿದ ಗಂಟನ್ನು ನಾನು ನಂಬುವುದಿಲ್ಲ, ಅದಕ್ಕೆ. ಯಾರು ಎಷ್ಟೇ ಬಿಗಿಯಾಗಿ ಕಟ್ಟಿದ್ದರೂ ಬಿಚ್ಚಿ ನಾನೇ ಕಟ್ಟಬೇಕು. ಗಾಡಿಗೆ ಕೋಣ ಎಂದು ಹೆಸರು. ಬಣ್ಣವೂ ಅದೇ, ಗುಣವೂ ಅದೇ. ಕೋಣನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತಿಳಿಯಲು ನನಗೆ ತಕ್ಕಡಿ ಬೇಡ. ಹಿಂದಿನ ಟೈರಿಗೂ ಮೇಲಿನ ಬಾಡಿಗೂ ನಡುವೆ ಸಂದು ಇರುತ್ತದಲ್ಲ, ಅದರಲ್ಲಿ ಕೈ ತೂರಿಸಿ ನೋಡುತ್ತೇನೆ. ಖಾಲಿ ಗಾಡಿಗೆ ಒಂದು ಗೇಣು, ತುಂಬಿದ ಗಾಡಿಗೆ ನಾಲ್ಕು ಬೆರಳು. ನಾಲ್ಕಕ್ಕಿಂತ ಕಡಿಮೆಯಾದರೆ ತಲೆ ಮೇಲೆ ತಲೆ ಬಿದ್ದರೂ ಗಾಡಿ ಎತ್ತುವುದಿಲ್ಲ.

ಇನ್ನು ನನ್ನ ಅಣ್ಣ. ಲೆಕ್ಕದ ಮೇಷ್ಟ್ರು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಲೆಕ್ಕ ಬಿಟ್ಟಿಲ್ಲ. ಬಿಸ್ಕತ್ತಿನ ಪ್ಯಾಕೆಟ್ ಒಡೆದರೆ ಮನೆಯ ಜನಕ್ಕೆ ಭಾಗಿಸಿ ಶೇಷ ಎಷ್ಟೆಂದು ಹೇಳುತ್ತಾನೆ, ಆ ಶೇಷವನ್ನು ತಾನೇ ತಿನ್ನುತ್ತಾನೆ. ನಾನು ಕೋಣನನ್ನು ಕೊಂಡ ವಾರ ಅವನು ಎರಡು ಹಾಳೆ ತುಂಬ ಬರೆದು, ಆರು ತಿಂಗಳಲ್ಲಿ ನಾನು ಗಾಡಿ ಮಾರಿ ಮನೆಗೆ ಬಂದು ಕೂರುತ್ತೇನೆ ಎಂದು ಸಾಧಿಸಿ ತೋರಿಸಿದ್ದ. "ಲೆಕ್ಕ ಸುಳ್ಳು ಹೇಳಲ್ಲ ಕಣೇ" ಎಂದಿದ್ದ. ಲೆಕ್ಕ ಸುಳ್ಳು ಹೇಳಿತು. ಆದರೆ ಆ ಎರಡು ಹಾಳೆಯ ಮಾತನ್ನು ಅವನು ಮತ್ತೆ ಎತ್ತಲೇ ಇಲ್ಲ. ನನ್ನ ಗಾಡಿಯಲ್ಲಿ ಒಂದು ದಿನವೂ ಕೂರಲಿಲ್ಲ. ಮಂಚ ಸಾಗಿಸಬೇಕಾದಾಗ ಕೂಡ ಬೇರೆ ಯಾರನ್ನೋ ಕರೆಸಿದ.

ನಾನು ಸಣ್ಣವಳಿದ್ದಾಗಿನಿಂದ ಎಲ್ಲರಿಗೂ ಮೇಷ್ಟ್ರ ತಂಗಿ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ನನ್ನದೇ ಮದುವೆಯಲ್ಲಿ. ಅಣ್ಣ ಒಬ್ಬ ಇದ್ದಾನೆಂದೇ ಗೊತ್ತಿಲ್ಲದ ಜಾಗವೆಂದರೆ ಆ ಕಸದ ಯಾರ್ಡು ಒಂದೇ. ಅದಕ್ಕೇ ಆ ವಾಸನೆಯಲ್ಲೂ ನನಗೆ ಅಲ್ಲಿ ಎದೆ ಸೆಟೆಸಿ ನಡೆಯಲು ಬರುತ್ತದೆ.

ಹೀಗಿರುವಾಗ ಒಂದು ಶನಿವಾರ ಅವನ ಫೋನು ಬಂತು. ನಾನು ಟೈಲ್ಸ್ ತುಂಬಿಕೊಂಡು ಮಾರುಕಟ್ಟೆಯ ತಿರುವಿನಲ್ಲಿದ್ದೆ. ಗಾಡಿಯನ್ನು ಪಕ್ಕಕ್ಕೆ ಹಾಕಿದೆ.

"ಮನೆ ಹೊರಗೋಡೆ ಹಲಗೆ ಎಲ್ಲಾ ಕೀಳಿಸ್ತಿದ್ದೀನಿ" ಎಂದ. "ಹೊಸದು ತರಬೇಕು, ಹಳೇದು ಸಾಗಿಸಬೇಕು. ನಿನ್ನ... ಗಾಡಿ ಬಿಡುವಾಗಿದ್ಯಾ?"

'ನಿನ್ನ' ಆದಮೇಲೆ 'ಗಾಡಿ' ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು. ಈ ಒಂದು ಕೆಲಸವನ್ನು ಕೂದಲು ಕೊಂಕದ ಹಾಗೆ ಮಾಡಿ ತೋರಿಸಬೇಕು, ನನ್ನ ಕೆಲಸ ಎಂಥದೆಂದು ಅವನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಆ ಕ್ಷಣವೇ ಗಟ್ಟಿ ಮಾಡಿಕೊಂಡೆ. ಬಾಯಲ್ಲಿ ಮಾತ್ರ "ನೋಡ್ತೀನಿ, ಪುಸ್ತಕ ನೋಡಿ ಹೇಳ್ತೀನಿ" ಎಂದೆ. ನನ್ನ ಹತ್ತಿರ ಯಾವ ಪುಸ್ತಕವೂ ಇಲ್ಲ.

ಅಣ್ಣನ ಮನೆಗೆ ಮೂರು ಕಡೆ ಒಂದರ ಮೇಲೊಂದು ಅಂಚು ಕೂರಿಸಿ ಮೊಳೆ ಹೊಡೆದ ಮರದ ಹಲಗೆಗಳು. ಹಿತ್ತಿಲ ಕಡೆ ಮಾತ್ರ ಹಳೆಯ ಕಾಲದ ಸಿಮೆಂಟ್ ಶೀಟು. ಆ ಶೀಟಿನ ಧೂಳು ಎದೆಗೆ ಹೋದರೆ ವಿಷ. ಅದನ್ನು ಒಣಗಿದ್ದಾಗ ಮುಟ್ಟಬಾರದು, ಒಡೆಯಬಾರದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗುರುವಾರದ ದಿನ ಯಾರ್ಡಿನ ಬೇರೆ ಗೇಟಿಗೇ ಒಯ್ಯಬೇಕು. ಮರದ ಲೋಡಿನಲ್ಲಿ ಒಂದೇ ಒಂದು ಶೀಟು ಸಿಕ್ಕಿದರೂ ಲೋಡು ವಾಪಸು, ಒಂದು ವರ್ಷ ಒಳಗೆ ಬಿಡುವ ಪಾಸು ರದ್ದು.

ಫೋನಿನಲ್ಲೇ ಇದನ್ನು ಹೇಳಿದರೆ ಅಣ್ಣ ನಕ್ಕ. "ಶೀಟು ಕೆಳಗೆ ಹಾಕಿ ಮೇಲೆ ಹಲಗೆ ಹೊದಿಸಿದ್ರೆ ಯಾರಿಗೆ ಗೊತ್ತಾಗತ್ತೆ? ಎರಡೇ ಟ್ರಿಪ್ಪು. ಲೆಕ್ಕ ಹಾಕಿದ್ದೀನಿ."

ನಾನು ನಗಲಿಲ್ಲ. "ಅಣ್ಣ, ಪಾಸು ಹೋದ್ರೆ ನನ್ನ ಅನ್ನ ಹೋಯ್ತು. ನಾ ಹೇಳಿದ ಹಾಗೆ ಮಾಡು. ಕಿತ್ತ ಮಾಲೆಲ್ಲ ಚೆನ್ನಾಗಿ ನೆನೆಸಿಡು, ಧೂಳು ಏಳಬಾರದು. ಏನೂ ಮುರೀಬೇಡ. ಶೀಟು ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ಬೇರೆ ಇಡು. ಮಂಗಳವಾರ ಹಲಗೆ, ಗುರುವಾರ ಶೀಟು."

ಆ ಕಡೆಯಿಂದ ಏನೋ ಗೀಚುವ ಸದ್ದು ಕೇಳಿಸಿತು. ಮತ್ತೆ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡೆ. ಹಿಂದಿನವನು ಆಗಿನಿಂದ ಹಾರನ್ ಒತ್ತುತ್ತಲೇ ಇದ್ದ, ಫೋನಿಟ್ಟೆ.

ಮಂಗಳವಾರ ಬೆಳಿಗ್ಗೆ ಹೊಸ ಹಲಗೆ ತುಂಬಿಕೊಂಡು ಹೊರಟೆ. ಹಲಗೆಗಳು ಹದಿನಾಲ್ಕು ಅಡಿ, ಕೋಣನ ಬೆನ್ನು ಹತ್ತು ಅಡಿ. ಹೊರಗೆ ಚಾಚಿದ ನಾಲ್ಕು ಅಡಿಗೆ ಕೆಂಪು ಬಟ್ಟೆ ಕಟ್ಟಿ, ಮೂಲೆಗಳಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಮೂರು ಕಡೆ ಹಗ್ಗ ಬಿಗಿದಿದ್ದೆ. ಅಣ್ಣನ ಬೀದಿಯ ತುದಿಯಲ್ಲಿ ಒಂದು ಲೈಟು ಕಂಬ ರಸ್ತೆಗೇ ಕಾಲು ಚಾಚಿಕೊಂಡು ನಿಂತಿದೆ. ಅಲ್ಲಿಂದ ಗೇಟಿನವರೆಗೆ ಹಿಂದಕ್ಕೇ ಬರಬೇಕು. ಅಣ್ಣ ಗೇಟಿನ ಮುಂದೆ ನಿಂತು, ತರಗತಿಯಲ್ಲಿ ನಿಂತ ಹಾಗೆ ಕೈಯೆತ್ತಿ, "ಬಲಕ್ಕೆ! ಇನ್ನೂ ಬಲಕ್ಕೆ! ಅಯ್ಯೋ ಅಷ್ಟಲ್ಲ!" ಎಂದು ಕೂಗುತ್ತಿದ್ದ. ನಾನು ಎರಡೂ ಕನ್ನಡಿ ನೋಡಿಕೊಂಡು ಒಂದೇ ಏಟಿಗೆ ಒಳಗೆ ತಂದು ನಿಲ್ಲಿಸಿದೆ. ಕಂಬ ದಾಟುವಾಗ ಅದಕ್ಕೂ ಹಲಗೆಗೂ ನಡುವೆ ಒಂದು ಚಪ್ಪಲಿ ಹಿಡಿಯುವಷ್ಟು ಜಾಗ ಉಳಿದಿತ್ತು.

ಗೋಡೆಯ ಕೆಲಸಕ್ಕೆ ಬಂದಿದ್ದ ಬಡಗಿ ಸಿಳ್ಳೆ ಹಾಕಿದ. "ಅಕ್ಕ, ನನ್ನ ಸುತ್ತಿಗೆ ನಿಮ್ಮ ಕಾಲಿಗಿಡ್ತೀನಿ."

"ಕಾಲಿಗೆ ಬೇಡ, ಮೊದಲೇ ಮಂಡಿ ನೋವು" ಎಂದೆ. ಅಣ್ಣ ಕಂಬವನ್ನು ಒಮ್ಮೆ, ಹಲಗೆಯನ್ನು ಒಮ್ಮೆ ನೋಡಿ ಕನ್ನಡಕ ಸರಿ ಮಾಡಿಕೊಂಡ. ನನಗೆ ಅಷ್ಟೇ ಸಾಕಾಗಿತ್ತು.

ಹೊಸ ಹಲಗೆ ಇಳಿಸಿ, ಗಾಳಿಯಾಡಲು ನಡುವೆ ಪಟ್ಟಿ ಇಟ್ಟು ಅಟ್ಟಿ ಕಟ್ಟುವಷ್ಟರಲ್ಲಿ ಮಂಡಿ ನಿಜಕ್ಕೂ ಕೈ ಕೊಟ್ಟಿತು. ಅಂಗಳದ ಇನ್ನೊಂದು ಮೂಲೆಯಲ್ಲಿ ಕಿತ್ತ ಹಲಗೆಗಳು ಎದೆಯೆತ್ತರಕ್ಕೆ ಬಿದ್ದಿದ್ದವು. ಬಣ್ಣ ಎದ್ದು ಹೋಗಿ ಬೂದಿಯ ಹಾಗೆ ಕಾಣುತ್ತಿದ್ದವು. ಬೆಳಗಿನ ಬಿಸಿಲು ಮೇಲಿನ ಸಾಲನ್ನು ಕಾಯಿಸಿತ್ತು.

"ನೀನು ಒಳಗೆ ಹೋಗಿ ಕೂತ್ಕೋ" ಎಂದ ಅಣ್ಣ. "ನಾನೂ ಬಡಗೀನೂ ತುಂಬ್ತೀವಿ."

ಲೋಡು ತುಂಬುವಾಗ ನಾನು ಪಕ್ಕದಲ್ಲಿ ನಿಲ್ಲದ ದಿನವಿಲ್ಲ. ಆದರೆ ಅಣ್ಣ ನನಗೆ ಕೂತ್ಕೋ ಎಂದ ದಿನವೂ ಅದೇ ಮೊದಲು. ಹೋಗಿ ಕೂತೆ. ಅತ್ತಿಗೆ ಕಾಫಿ ಕೊಟ್ಟು, ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಸ್ನಾನಕ್ಕೂ ಪರದಾಟ ಎಂದು ಗೊಣಗಿದಳು. ನಾನು ಹೂಂಗುಟ್ಟಿದೆ. ಕಿವಿಯೆಲ್ಲ ಹೊರಗಿನ ಹಲಗೆಯ ಸದ್ದಿನ ಮೇಲಿತ್ತು. ಕಾಫಿ ಮುಗಿಸಿ ಬರುವಷ್ಟರಲ್ಲಿ ಮೊದಲ ಟ್ರಿಪ್ಪಿನ ಮಾಲು ಏರಿಸಿ ಟಾರ್ಪಾಲು ಹೊದಿಸಿಯಾಗಿತ್ತು. ಹಗ್ಗವನ್ನು ಮಾತ್ರ ನಾನೇ ಬಿಗಿದೆ. ಸಂದಿಗೆ ಬೆರಳು ಹಾಕಲಿಲ್ಲ. ಬರೀ ಹಳೇ ಮರ ತಾನೆ ಎಂದುಕೊಂಡೆ. ಗೇಟಿನಾಚೆ ರಸ್ತೆಯ ಮೇಲೆ ನೀರಿನ ಗೆರೆ ಇತ್ತು. ಎದುರು ಮನೆಯ ಉಪ್ಪರಿಗೆಯಲ್ಲಿ ಒಬ್ಬಾಕೆ ಗಿಡಗಳಿಗೆ ನೀರು ಹಾಕುತ್ತಿದ್ದಳು, ಅಲ್ಲಿಂದ ಸುರಿದಿರಬೇಕು ಎಂದು ಮುಂದೆ ಹೋದೆ.

ಯಾರ್ಡಿಗೆ ಅರ್ಧ ದಾರಿಯಲ್ಲಿ ಒಂದು ಹಂಪು. ಕೋಣ ಆ ಹಂಪನ್ನು ಸಾವಿರ ಸಲ ಹತ್ತಿ ಇಳಿದಿದೆ. ಅವತ್ತು ಇಳಿಯುವಾಗ ಹಿಂದಿನಿಂದ ಕರ್ರ್ ಎಂದಿತು. ಟೈರು ಬಾಡಿಗೆ ಉಜ್ಜಿದ ಸದ್ದು. ಪಕ್ಕಕ್ಕೆ ನಿಲ್ಲಿಸಿ, ಇಳಿದು, ಸಂದಿಗೆ ಕೈ ಹಾಕಿದೆ.

ಎರಡು ಬೆರಳು.

ಆ ಎತ್ತರದ ಮರಕ್ಕೆ ಕೋಣ ಅಷ್ಟು ಕುಗ್ಗುವ ಮಾತೇ ಇಲ್ಲ. ಕೆಳಗೆ ಬೇರೇನೋ ಇದೆ. ಪಕ್ಕದ ತಡೆಹಲಗೆಯ ಬಿರುಕಿನಲ್ಲಿ ಕಣ್ಣಿಟ್ಟು ನೋಡಿದೆ. ಬೂದು ಬಣ್ಣದ ಅಂಚು, ತಣ್ಣಗೆ, ಕಪ್ಪಗೆ. "ಶೀಟು ಕೆಳಗೆ ಹಾಕಿ ಮೇಲೆ ಹಲಗೆ ಹೊದಿಸಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಕೂತ್ಕೋ ಎಂದಿದ್ದು ಇದಕ್ಕೆ! ಕಾಫಿ ಕುಡಿಸಿದ್ದು ಇದಕ್ಕೆ! ಪಿತ್ತ ನೆತ್ತಿಗೇರಿತು. ಒಂದು ಲೋಟ ಕಾಫಿಗೆ ನಾನು ಕರಗಿ ಹೋಗಿದ್ದೆನಲ್ಲ ಎಂಬ ಅವಮಾನವೇ ಆ ಸಿಟ್ಟಿಗಿಂತ ಹೆಚ್ಚಾಗಿ ಸುಟ್ಟಿತು. ಗಾಡಿ ತಿರುಗಿಸಿದೆ.

ಅಣ್ಣ ಅಂಗಳ ಗುಡಿಸುತ್ತಿದ್ದ. ನಾನು ಬಾಗಿಲು ಬಡಿದು ಇಳಿದ ರಭಸಕ್ಕೆ ಪೊರಕೆ ಅಲ್ಲೇ ನಿಂತಿತು.

"ಏನಾಯ್ತು? ಇಷ್ಟು ಬೇಗ?"

"ಕೆಳಗೇನು ಹಾಕಿದ್ದೀಯ?"

"ಎಲ್ಲಿ ಕೆಳಗೆ?"

"ನಾಟಕ ಬೇಡ. ಎರಡೇ ಟ್ರಿಪ್ಪು ಅಂದಿದ್ಯಲ್ಲ, ನಿನ್ನ ಲೆಕ್ಕ ಸರಿಯಾಗ್ಬೇಕು, ತಂಗಿ ಪಾಸು ಹಾಳಾಗಿ ಹೋಗ್ಲಿ! ಸಣ್ಣವಳಿದ್ದಾಗಿಂದ ನೋಡ್ತಿದ್ದೀನಿ. ನಿನ್ನ ಲೆಕ್ಕದಲ್ಲಿ ನಾನು ಯಾವತ್ತೂ ಶೇಷ. ಎಲ್ಲರಿಗೂ ಹಂಚಿ ಉಳಿದದ್ದು!"

ಬಡಗಿ ಉಳಿ ಕೆಳಗಿಟ್ಟ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಎದುರು ಉಪ್ಪರಿಗೆಯ ಹೆಂಗಸು ನೀರಿನ ಕ್ಯಾನು ಹಿಡಿದುಕೊಂಡೇ ನಿಂತುಬಿಟ್ಟಳು. ಅಣ್ಣ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!" ಎಂದೆ ನಾನು, ಉಪ್ಪರಿಗೆಗೂ ಕೇಳಲಿ ಎಂದು.

ಅವನು ಕನ್ನಡಕ ತೆಗೆದು ಹೊಸ ಹಲಗೆಗಳ ಅಟ್ಟಿಯ ಮೇಲೆ ಕೂತ. ಸಿಕ್ಕಿಬಿದ್ದ ಎಂದುಕೊಂಡು ನಾನು ಹಗ್ಗ ಬಿಚ್ಚಿದೆ, ಟಾರ್ಪಾಲು ಎಳೆದು ಬಿಸಾಡಿದೆ, ಮಂಡಿ ನೋವು ಮರೆತು ಗಾಡಿ ಹತ್ತಿದೆ.

ಮೇಲಿನ ಸಾಲು ಒಣಗಿತ್ತು. ಎರಡನೆಯ ಸಾಲು ತೇವ. ಮೂರನೆಯ ಸಾಲಿನ ಹಲಗೆಯೊಂದನ್ನು ನಾನೂ ಬಡಗಿಯೂ ಎರಡು ತುದಿ ಹಿಡಿದು ಎತ್ತಿದರೆ ಸೊಂಟ ಕಿರುಗುಟ್ಟಿತು. ಓರೆ ಮಾಡಿದ ಕೂಡಲೇ ಅಂಚಿನಿಂದ ನೀರು ತೊಟ್ಟಿಕ್ಕಿತು.

"ಭಾರ ಅಂತ ನಾನು ಆಗಲೇ ಅಂದೆ ಅಕ್ಕ" ಎಂದ ಬಡಗಿ, ಮೆಲ್ಲಗೆ. "ಮೇಷ್ಟ್ರು, ಹಳೇ ಕಾಲದ ಮರ, ಗಟ್ಟಿ ಇರತ್ತೆ ಅಂದ್ರು."

ನಾನು ಎತ್ತುತ್ತಲೇ ಹೋದೆ. ನಾಲ್ಕನೆಯ ಸಾಲು, ಐದನೆಯ ಸಾಲು. ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಹಲಗೆಗಳು ನೀರು ಕುಡಿದು ಕೂತಿದ್ದವು. ಬೂದು ಬಣ್ಣದ ಮರ, ತಣ್ಣಗೆ, ಕಪ್ಪಗೆ. ಕಡೆಯ ಹಲಗೆ ಎತ್ತಿದಾಗ ಕೆಳಗೆ ಕೋಣನ ಕಬ್ಬಿಣದ ಬೆನ್ನು, ಅದರ ಮೇಲೆ ಒಂದು ಬೊಗಸೆ ನೀರು. ಶೀಟಿನ ಒಂದು ಚೂರೂ ಇರಲಿಲ್ಲ.

ಅತ್ತಿಗೆ ಬಂದು ನನ್ನ ಮೊಣಕೈ ಹಿಡಿದು ಕೆಳಗಿಳಿಸಿದಳು. "ಬಾ ಇಲ್ಲಿ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದಳು.

ಹಿತ್ತಿಲ ಗೋಡೆಗೆ ಒರಗಿ ಶೀಟುಗಳು ನಿಂತಿದ್ದವು. ಹದಿನೆಂಟು. ಒಂದೊಂದಕ್ಕೂ ಎರಡೆರಡು ಸುತ್ತು ಪ್ಲಾಸ್ಟಿಕ್, ಪುಸ್ತಕಕ್ಕೆ ರಟ್ಟು ಹಾಕಿದ ಹಾಗೆ ಮಡಿಸಿದ ಮೂಲೆಗಳು, ಮೇಲೆ ಟೇಪು, ಟೇಪಿನ ಮೇಲೆ ಕ್ರಮಸಂಖ್ಯೆ. ಒಂದೂ ಮುರಿದಿರಲಿಲ್ಲ. ಪಕ್ಕದಲ್ಲಿ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಒಂದು ಹಾಳೆ ಸಿಕ್ಕಿಸಿತ್ತು. ಕಪ್ಪುಹಲಗೆಯ ಮೇಲೆ ಬರೆಯುವ ಅದೇ ದುಂಡು ಅಕ್ಷರ. ಮೇಲೆ ತಲೆಬರಹ, ಅಡಿಗೆರೆ ಸಮೇತ: 'ತಂಗಿ ಹೇಳಿದ್ದು'.

ಅದರ ಕೆಳಗೆ: 'ಒಂದು, ಕಿತ್ತ ಮಾಲೆಲ್ಲ ಚೆನ್ನಾಗಿ ನೆನೆಸುವುದು. ಧೂಳು ಏಳಬಾರದು. ಎರಡು, ಏನೂ ಮುರಿಯಬಾರದು. ಮೂರು, ಶೀಟಿಗೆ ಎರಡು ಸುತ್ತು. ನಾಲ್ಕು, ಮಂಗಳವಾರ ಹಲಗೆ, ಗುರುವಾರ ಶೀಟು.' ಪ್ರತಿಯೊಂದರ ಮುಂದೆಯೂ ಕೆಂಪು ಶಾಯಿಯಲ್ಲಿ ಸರಿ ಗುರುತು.

"ಎರಡು ದಿನ ಪೈಪು ಹಿಡ್ಕೊಂಡು ನಿಂತು ಟ್ಯಾಂಕಿನ ನೀರೆಲ್ಲ ಇದಕ್ಕೇ ಸುರಿದಿದ್ದಾರೆ" ಎಂದಳು ಅತ್ತಿಗೆ. "ಹಲಗೆಗೂ ಯಾಕ್ರೀ ಇಷ್ಟು ನೀರು ಅಂದ್ರೆ, ಎಲ್ಲಾ ಅಂದಿದ್ದಾಳೆ, ಅವಳಿಗೆ ಗೊತ್ತಿರತ್ತೆ ಅಂದ್ರು. ಮೂವತ್ತೈದು ವರ್ಷದಲ್ಲಿ ನನ್ನ ಒಂದು ಮಾತು ಹೀಗೆ ಬರ್ಕೊಂಡಿಲ್ಲ ನಿಮ್ಮಣ್ಣ."

ಎಲ್ಲಾ ಅಂದಿದ್ದು ನಾನೇ. ನೆನೆಸಬೇಕಾದದ್ದು ಶೀಟು ಮಾತ್ರ. ಅವಸರದಲ್ಲಿ, ಹಿಂದಿನ ಹಾರನ್ನಿನ ಗಡಿಬಿಡಿಯಲ್ಲಿ ಮಾಲೆಲ್ಲ ಎಂದುಬಿಟ್ಟಿದ್ದೆ. ಬೇರೆ ಯಾರಾದರೂ ಆಗಿದ್ದರೆ ಅರ್ಧ ಮರೆಯುತ್ತಿದ್ದರು, ಇನ್ನರ್ಧಕ್ಕೆ ಸ್ವಂತ ಬುದ್ಧಿ ಸೇರಿಸುತ್ತಿದ್ದರು. ಹುಟ್ಟಿದಂದಿನಿಂದ ನನ್ನ ಒಂದು ಮಾತು ಕೇಳದ ಅಣ್ಣ ಕೇಳಿದ್ದು ಅದೊಂದನ್ನೇ, ಅಕ್ಷರ ಬಿಡದೆ. ಅದಕ್ಕೆ ನಾನು ಬೀದಿಯೆಲ್ಲ ಕೇಳುವಂತೆ ಅವನನ್ನು ಕಳ್ಳ ಎಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಗ್ಗದ ಗಂಟಾದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಅಳು ಬಂದಿತ್ತು, ನುಂಗಿದೆ. ಕೋಣೆಯೊಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಆದರೆ ಬೈಗುಳ ಬೀದಿಯಲ್ಲಿ, ತಪ್ಪೊಪ್ಪಿಗೆ ಕೋಣೆಯಲ್ಲಿ ಎಂದರೆ ಅದು ಯಾವ ನ್ಯಾಯ? ಮುಂಬಾಗಿಲಿಗೆ ಬಂದು ಅಂಗಳದ ನಟ್ಟನಡುವೆ ನಿಂತೆ. ಉಪ್ಪರಿಗೆಯಾಕೆ ಇನ್ನೂ ಅಲ್ಲೇ ಇದ್ದಳು.

"ಅಣ್ಣ, ತಪ್ಪಾಯ್ತು" ಎಂದೆ, ಬೈದಷ್ಟೇ ಗಟ್ಟಿಯಾಗಿ. "ನೀನು ಮಾಡಿದ್ದೆಲ್ಲ ಸರಿ. ಹೇಳಿದ್ದು ನಾನು, ತಪ್ಪು ಹೇಳಿದ್ದು ನಾನು, ನೋಡದೆ ಗಾಡಿ ಎತ್ತಿದ್ದು ನಾನು, ಕೇಳದೆ ಕೂಗಾಡಿದ್ದೂ ನಾನೇ."

ಅಣ್ಣ ಕನ್ನಡಕ ಒರೆಸುತ್ತಲೇ ಇದ್ದ. ಆ ಗಾಜಿನಲ್ಲಿ ಒರೆಸಲು ಏನೂ ಉಳಿದಿರಲಿಲ್ಲ. ಕಡೆಗೆ ಅದನ್ನು ಮೂಗಿಗೇರಿಸಿ ಕೇಳಿದ.

"ನೀರಿನ ತೂಕ ಎಷ್ಟಿರ್ಬಹುದು?"

"ಮರದ ತೂಕದ ಅರ್ಧಕ್ಕರ್ಧ."

"ಹಾಗಾದ್ರೆ ಎರಡು ಟ್ರಿಪ್ಪಲ್ಲ, ಮೂರು" ಎಂದ. "ನನ್ನ ಲೆಕ್ಕ ತಪ್ಪಿತ್ತು."

ಅವನು ಗಾಡಿಯ ಕಡೆ ನೋಡುತ್ತಿದ್ದ. ಯಾವ ಲೆಕ್ಕ, ಇವತ್ತಿನದೋ ಆ ಎರಡು ಹಾಳೆಯದೋ ಎಂದು ನಾನು ಕೇಳಲಿಲ್ಲ.

ಮತ್ತೆ ತುಂಬಿದೆವು. ಈ ಸಲ ನಾನು ಕದಲಲಿಲ್ಲ. ಮೊದಲಿನ ಮೂರರಲ್ಲಿ ಎರಡು ಪಾಲು ಹಲಗೆ ಏರಿದ ಮೇಲೆ ಅಣ್ಣನನ್ನು ಕರೆದು ಸಂದಿಗೆ ಕೈ ಹಾಕಲು ಹೇಳಿದೆ. ಅವನು ಸೀಮೆಸುಣ್ಣ ಹಿಡಿದು ಸವೆದ ಬೆರಳುಗಳನ್ನು ಜೋಡಿಸಿ ತೂರಿಸಿದ. "ನಾಲ್ಕು, ಸ್ವಲ್ಪ ಸಡಿಲ" ಎಂದ.

"ನಿನ್ನ ಬೆರಳು ಸಣಕಲು. ನನ್ನ ಬೆರಳಿಗೆ ಸರಿ ನಾಲ್ಕು" ಎಂದು ಹಗ್ಗ ಬಿಗಿದೆ. ನಾನು ಕೊನೆಯ ಗಂಟು ಹಾಕಿ ತಿರುಗುವಷ್ಟರಲ್ಲಿ ಅವನು ಆ ಕಡೆಯ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿ ಎಲ್ಲಿದೆ ಎಂದು ಹುಡುಕುತ್ತಿದ್ದ. ತೋರಿಸಿದೆ. ಹತ್ತಿ ಕೂತು, ಮಡಿಲ ಮೇಲೆ ಕೈಯಿಟ್ಟುಕೊಂಡು, "ಹೂಂ, ನಡಿ" ಎಂದ.

ಆ ಹಂಪಿನಲ್ಲಿ ಕೋಣ ಸದ್ದಿಲ್ಲದೆ ಇಳಿಯಿತು. ಅಣ್ಣ ಹಿಂದೆ ತಿರುಗಿ ನೋಡಿ ತಲೆಯಾಡಿಸಿದ.

ಯಾರ್ಡಿನ ಗೇಟಿನಲ್ಲಿ ತೂಕದವನು ಹಲಗೆ ತಟ್ಟಿ, ಬಗ್ಗಿ, ಅಡಿ ನೋಡಿದ. "ಏನು ಹಗ್ಗದಕ್ಕ, ಮರಕ್ಕೆ ಸ್ನಾನ ಮಾಡಿಸಿದ್ದೀರಾ?" ಎಂದ. ಆಮೇಲೆ ಒಳಗೆ ಕಣ್ಣು ಹಾಯಿಸಿದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಅವನು ಯಾರನ್ನೂ ಕಂಡಿರಲಿಲ್ಲ. ಗೇಟಿನ ಪುಸ್ತಕದಲ್ಲಿ ಗಾಡಿಯಲ್ಲಿದ್ದವರನ್ನೆಲ್ಲ ಬರೆಯಬೇಕು.

"ಸಾರ್, ತಾವು ಯಾರು?"

ನಾನು ಹೇಳಲು ಬಾಯಿ ತೆರೆದೆ. ಅಣ್ಣ ಕೈಯೆತ್ತಿ ನನ್ನನ್ನು ತಡೆದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದಿನ ಬೆಂಚಿಗೂ ಕೇಳುವಂಥ ಆ ತರಗತಿಯ ದನಿಯಲ್ಲಿ ಹೇಳಿದ.

"ನಾನು ಹಗ್ಗದಕ್ಕನ ಅಣ್ಣ. ಹಾಗೇ ಬರ್ಕೊಳ್ಳಿ."

ತೂಕದವನು ಹಾಗೆಯೇ ಬರೆದುಕೊಂಡ. ನಾನು ಗೇರು ಹಾಕಲು ಎರಡು ಸಲ ತಡವರಿಸಿದೆ.